ಏಳರವರೆಗೆ ಎಣಿಸಿದ್ದೀರಾ? ಕುತ್ತಿಗೆಯ ಎಕ್ಸ್‌ರೇ ಓದುವ ಬಗೆ

ಅಡಿಕೆ ಕೊನೆ ಇಳಿಸಲು ಮರ ಹತ್ತಿದ್ದ ಕೊನೆಗೌಡರೊಬ್ಬರು ಅರ್ಧ ಮರ ಇಳಿದ ಮೇಲೆ ಜಾರಿ ಬಿದ್ದರು ಎಂದುಕೊಳ್ಳಿ. ಬಿದ್ದ ರಭಸಕ್ಕೆ ತಲೆಯ ಹಿಂಭಾಗ ಬಸಿಗಾಲುವೆಯ ಅಂಚಿಗೆ ಬಡಿದು, ಗಲ್ಲ ಎದೆಗೆ ತಾಗಿತು. ಸ್ವಲ್ಪ ಹೊತ್ತಿಗೆ ಎದ್ದು ಕೂತರು, ನೀರು ಕುಡಿದರು, ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ತಾವೇ ನಡೆದು ಒಳಗೆ ಬಂದರು. (ನಡೆಯಬಾರದಿತ್ತು, ಕೂರಿಸಿ ಕರೆತರಲೂಬಾರದಿತ್ತು. ಆದರೆ ಊರಲ್ಲಿ ನಡೆಯುವುದೇ ಹೀಗೆ.) ಎರಡೂ ಅಂಗೈಗಳಿಂದ ತಲೆಯನ್ನು ಹಿಡಿದುಕೊಂಡಿದ್ದಾರೆ, ತುಂಬಿದ ಕೊಡ ತುಳುಕದಂತೆ ಹಿಡಿದವರ ಹಾಗೆ. ಕೇಳಿದರೆ "ಕೈ ಬಿಟ್ರೆ ತಲೆ ನಿಲ್ಲಲ್ಲ ಅನ್ಸುತ್ತೆ ಡಾಕ್ಟ್ರೇ" ಅನ್ನುತ್ತಾರೆ. ಬಲಗೈಯ ನಡುಬೆರಳು ಜೋಮು ಹಿಡಿದಿದೆ.

ಕೈಯಿಂದ ತಲೆಗೆ ಆಸರೆ ಕೊಡುವ ಈ ಭಂಗಿಗೆ ವೈದ್ಯರು ರಸ್ಟ್ ಚಿಹ್ನೆ ಎನ್ನುತ್ತಾರೆ. ಒಳಗೆ ಏನೋ ಸಡಿಲವಾಗಿದೆ ಎಂದು ದೇಹವೇ ಹೇಳುವ ರೀತಿ ಅದು. ಕಾಲರ್ ಹಾಕಿ, ಮಲಗಿಸಿ, ಮಲಗಿದಂತೆಯೇ ಪಕ್ಕದಿಂದ ಎಕ್ಸ್‌ರೇ ತೆಗೆದದ್ದಾಯಿತು. ಫಿಲ್ಮಿನಲ್ಲಿ ಮೂಳೆಗಳೆಲ್ಲ ಸಾಲಾಗಿ, ಅಚ್ಚುಕಟ್ಟಾಗಿ ನಿಂತಿವೆ. ಮನೆಯವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಬೆಂಗಳೂರಿನಲ್ಲಿರುವ ಪರಿಚಯದ ಡಾಕ್ಟರಿಗೆ ವಾಟ್ಸ್ಆ್ಯಪ್ ಮಾಡಿಯೂ ಆಗಿದೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಮುರಿತದ ಬಗ್ಗೆ ಅಲ್ಲ. "ಎಷ್ಟು ಮೂಳೆ ಕಾಣ್ತಿವೆ? ಎಣಿಸಿ ಹೇಳಿ."

ಆರು.

ಕುತ್ತಿಗೆಯ ಎಕ್ಸ್‌ರೇಯಲ್ಲಿ ಗೆರೆಗಳು, ಕೋನಗಳು, ಮಿಲಿಮೀಟರುಗಳು ಎಂದು ಕಲಿಯಬೇಕಾದದ್ದು ಬಹಳ ಇದೆ. ಅವೆಲ್ಲಕ್ಕೂ ಮೊದಲು ಈ ಎಣಿಕೆ. ಫಿಲ್ಮಿನಲ್ಲಿ ಕಂಡದ್ದನ್ನು ತಪ್ಪಾಗಿ ಓದುವುದು ಒಂದು ಬಗೆಯ ತಪ್ಪು. ಫಿಲ್ಮಿನೊಳಗೆ ಬರದೇ ಹೋದದ್ದನ್ನು ಗಮನಿಸದಿರುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಭಯದ್ದು, ಯಾಕೆಂದರೆ ಅದು "ನಾರ್ಮಲ್" ಎಂಬ ವೇಷದಲ್ಲಿ ಬರುತ್ತದೆ.

ಏಳು ಮಣಿಗಳು

ಕುತ್ತಿಗೆಯಲ್ಲಿರುವ ಕಶೇರುಮಣಿಗಳು ಏಳು. ಜಿರಾಫೆಗೂ ಏಳೇ, ಅದರದ್ದು ಉದ್ದ, ನಮ್ಮದು ಗಿಡ್ಡ, ಅಷ್ಟೆ. ವೈದ್ಯರು ಇವನ್ನು ಮೇಲಿನಿಂದ ಸಿ1, ಸಿ2 ಎಂದು ಸಿ7ರವರೆಗೆ ಎಣಿಸುತ್ತಾರೆ. ಏಳರ ಕೆಳಗೆ ಎದೆಯ ಭಾಗದ ಮೊದಲ ಮಣಿ, ಟಿ1.

ಮೇಲಿನ ಎರಡು ಉಳಿದವುಗಳ ಹಾಗಿಲ್ಲ. ಸಿ1ಕ್ಕೆ ದಿಂಡೇ, ಎಂದರೆ ಮಣಿಯ ಮುಂಭಾಗದ ಗಟ್ಟಿ ಮೂಳೆತುಂಡೇ, ಇಲ್ಲ, ಅದು ಬರೀ ಬಳೆ. ತಲೆಬುರುಡೆ ಅದರ ಮೇಲೆ ಕೂತಿದೆ. ಸಿ2ರಿಂದ ಮೇಲಕ್ಕೆ ಒಂದು ಗೂಟ ಎದ್ದಿದೆ, ಹೆಸರು ಡೆನ್ಸ್. ಬೀಸುಕಲ್ಲು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ: ಕೆಳಗಲ್ಲಿನ ನಡುವೆ ಗೂಟ, ಅದರ ಸುತ್ತ ತಿರುಗುವ ಮೇಲ್ಗಲ್ಲು. "ಇಲ್ಲ" ಎಂದು ನಾವು ತಲೆ ಅಲ್ಲಾಡಿಸುವಾಗ ಆಗುವ ತಿರುಗಾಟದಲ್ಲಿ ಹೆಚ್ಚೂಕಡಿಮೆ ಅರ್ಧ ಈ ಒಂದೇ ಜಾಗದಲ್ಲಿ ನಡೆಯುತ್ತದೆ. ಗೂಟ ಹಿಂದಕ್ಕೆ ಸರಿಯದಂತೆ ಅಡ್ಡಪಟ್ಟಿಯಂಥ ಗಟ್ಟಿ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ನಾರು) ಅದನ್ನು ಬಳೆಯ ಮುಂಗಮಾನಿಗೆ ಕಟ್ಟಿಹಾಕಿದೆ.

ಮೂರರಿಂದ ಏಳರವರೆಗಿನವು ಒಂದೇ ಅಚ್ಚಿನವು. ಮುಂದೆ ದಿಂಡು, ದಿಂಡುಗಳ ನಡುವೆ ಡಿಸ್ಕ್ ಎಂಬ ಮೆತ್ತೆ, ಹಿಂದೆ ಕಮಾನು, ಕಮಾನಿನ ತುದಿಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳು. ಕತ್ತಿನ ಬುಡದಲ್ಲಿ ಕೈಗೆ ಗಂಟಿನಂತೆ ಸಿಗುವುದು ಸಾಮಾನ್ಯವಾಗಿ ಏಳನೆಯದರ ಮುಳ್ಳು. ಎಡಬಲದಲ್ಲಿ ಮೇಲಿನ ಮಣಿಯೂ ಕೆಳಗಿನ ಮಣಿಯೂ ಸಣ್ಣ ಕೀಲುಗಳಲ್ಲಿ ಕೂಡುತ್ತವೆ. ಈ ಕೀಲುಗಳು ಮಂಗಳೂರು ಹಂಚಿನ ಮಾಡಿನಂತೆ ಓರೆಯಾಗಿ ಒಂದರ ಮೇಲೊಂದು ಹೊದ್ದುಕೊಂಡಿವೆ. ಈ ಹಂಚುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಗೌಡರ ಕಥೆ ಮುಗಿಯುವುದು ಅಲ್ಲೇ.

ದಿಂಡು ಮತ್ತು ಕಮಾನಿನ ನಡುವಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ವಯಸ್ಕರಲ್ಲಿ ಕೊಳವೆಯ ಹಿಂದುಮುಂದಿನ ಅಗಲ ಸುಮಾರು 17 ಮಿಲಿಮೀಟರ್; 13ಕ್ಕಿಂತ ಕಡಿಮೆ ಇದ್ದರೆ ಇಕ್ಕಟ್ಟು ಎನ್ನುತ್ತಾರೆ. ಸಿ1ರ ಬಳೆಯೊಳಗೆ ಮಾತ್ರ ಜಾಗ ಧಾರಾಳ. 1968ರಲ್ಲಿ ಸ್ಟೀಲ್ ಎಂಬ ವೈದ್ಯರು ಹೇಳಿದ ಲೆಕ್ಕದಲ್ಲಿ ಅಲ್ಲಿ ಮೂರು ಪಾಲಿನಲ್ಲಿ ಒಂದು ಪಾಲು ಗೂಟಕ್ಕೆ, ಒಂದು ಪಾಲು ಹುರಿಗೆ, ಇನ್ನೊಂದು ಪಾಲು ಖಾಲಿ. ಕತ್ತಿನ ಮೇಲ್ತುದಿಯ ಮೂಳೆ ಮುರಿದವರು ಎಷ್ಟೋ ಸಲ ಕೈಕಾಲು ಆಡಿಸಿಕೊಂಡು ಆಸ್ಪತ್ರೆಗೆ ಬರುವುದು ಆ ಖಾಲಿ ಪಾಲಿನ ಪುಣ್ಯ. ಹಾಗಾಗಿ "ನಡೆದುಕೊಂಡೇ ಬಂದರಲ್ಲ" ಎಂಬುದು ಯಾವ ಭರವಸೆಯನ್ನೂ ಕೊಡುವುದಿಲ್ಲ.

ಎರಡು ತುದಿಗಳ ಕಾಟ

ಕತ್ತಿಗೆ ಪೆಟ್ಟಾದಾಗ ರೂಢಿಯಲ್ಲಿ ಮೂರು ಎಕ್ಸ್‌ರೇ ತೆಗೆಯುತ್ತಾರೆ: ಪಕ್ಕದಿಂದ ಒಂದು, ಎದುರಿನಿಂದ ಒಂದು, ಬಾಯಿ ತೆರೆಸಿ ಒಂದು. ಬಾಯಿ ಯಾಕೆ ತೆರೆಸಬೇಕು? ಎದುರಿನಿಂದ ತೆಗೆದರೆ ದವಡೆಯ ನೆರಳು ಮೇಲಿನ ಎರಡು ಮಣಿಗಳನ್ನು ಮುಚ್ಚಿಬಿಡುತ್ತದೆ. ಬಾಯಿ ತೆರೆದರೆ ಕಿರಣ ನೇರ ಒಳಹೊಕ್ಕು ಗೂಟವೂ ಬಳೆಯೂ ಕಾಣುತ್ತವೆ.

ಇನ್ನೊಂದು ತುದಿಯಲ್ಲಿ ಅಡ್ಡ ಬರುವುದು ಹೆಗಲು. ಪಕ್ಕದಿಂದ ತೆಗೆಯುವ ಫಿಲ್ಮಿನಲ್ಲಿ ಕಿರಣ ಎರಡು ಹೆಗಲುಗಳ ದಪ್ಪವನ್ನು ದಾಟಿ ಬರಬೇಕು. ಏಳನೆಯ ಮಣಿ ಬೆಳ್ಳಗಿನ ಮಂಜಿನಲ್ಲಿ ಕರಗಿಹೋಗುತ್ತದೆ. ಮೂಟೆ ಹೊತ್ತು, ಮರ ಹತ್ತಿ ಹುರಿಗಟ್ಟಿದ ಹೆಗಲಿದ್ದವರಲ್ಲಂತೂ ಐದೇ ಮಣಿ ಕಂಡರೂ ಆಶ್ಚರ್ಯವಿಲ್ಲ. ಆಗ ಒಬ್ಬರು ಕಾಲ ಬಳಿ ನಿಂತು, ತೋಳು ಮುರಿದಿಲ್ಲ ಎಂದು ಖಚಿತವಾದ ಮೇಲೆ, ಎರಡೂ ಕೈಗಳನ್ನು ಮೆಲ್ಲನೆ ಕೆಳಕ್ಕೆ ಎಳೆದು ಹಿಡಿಯುತ್ತಾರೆ. ಹೆಗಲು ಇಳಿದು ಏಳನೆಯದು ಹೊರಗೆ ಬರುತ್ತದೆ. ಆಗಲೂ ಬರದಿದ್ದರೆ ಒಂದು ಕೈ ತಲೆಯ ಮೇಲೆ, ಇನ್ನೊಂದು ಕೆಳಗೆ ಇಟ್ಟು, ಈಜುವವರ ಭಂಗಿಯಲ್ಲಿ ಓರೆಯಾಗಿ ಒಂದು ಫಿಲ್ಮ್. ಏಳನೆಯದೂ ಟಿ1ರ ಮೇಲಂಚೂ ಕಂಡಾಗ ಮಾತ್ರ ಅದು ಪೂರ್ತಿ ಎಕ್ಸ್‌ರೇ.

ಎಕ್ಸ್‌ರೇ ತೆಗೆಯುವವರು ಮತ್ತೆ ಮತ್ತೆ ತೆಗೆದರೆ "ದುಡ್ಡಿಗಾಗಿ ಮಾಡ್ತಾರೆ" ಎಂದು ಗೊಣಗುವವರಿದ್ದಾರೆ. ಕತ್ತಿನ ವಿಷಯದಲ್ಲಿ ಹಾಗೆ ಗೊಣಗಬೇಡಿ.

ಇಷ್ಟು ಹಟ ಯಾಕೆ ಎನ್ನುವುದಕ್ಕೆ ಲೆಕ್ಕವೇ ಇದೆ. ಅಮೆರಿಕದ 21 ಆಸ್ಪತ್ರೆಗಳಲ್ಲಿ ಪೆಟ್ಟಾಗಿ ಬಂದು ಕತ್ತಿನ ಚಿತ್ರ ತೆಗೆಸಿಕೊಂಡ 34,069 ಜನರನ್ನು ನೆಕ್ಸಸ್ ಎಂಬ ಅಧ್ಯಯನ ಪರಿಶೀಲಿಸಿತು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ನಿಜವಾಗಿ ಕತ್ತಿಗೆ ಗಾಯವಾಗಿದ್ದವರು 818 ಮಂದಿ, ಎಂದರೆ ನೂರಕ್ಕೆ ಎರಡೂವರೆಯಷ್ಟು. ಮುರಿತಗಳು ಎಲ್ಲಿದ್ದವು ಎಂದು ನೋಡಿದರೆ, ಸುಮಾರು ಕಾಲು ಭಾಗ ಎರಡನೆಯ ಮಣಿಯಲ್ಲಿ; ಆರು ಮತ್ತು ಏಳನೆಯದರಲ್ಲಿ ಸೇರಿ ಸುಮಾರು ಶೇ. 39. ಒಂದು ತುದಿಯನ್ನು ದವಡೆ ಮುಚ್ಚುತ್ತದೆ, ಇನ್ನೊಂದನ್ನು ಹೆಗಲು ಮುಚ್ಚುತ್ತದೆ, ಪೆಟ್ಟು ಹೋಗಿ ಬೀಳುವುದು ಆ ತುದಿಗಳಿಗೇ. ಸಲೀಸಾಗಿ ಕಾಣುವ ನಡುಭಾಗವನ್ನಷ್ಟೇ ನೋಡಿ ಸಮಾಧಾನಪಟ್ಟರೆ, ಬೀಗ ಬಿದ್ದ ಕೋಣೆಗಳನ್ನು ಬಿಟ್ಟು ಪಡಸಾಲೆಯಲ್ಲಿ ಕಳ್ಳನನ್ನು ಹುಡುಕಿದಂತೆ.

ನೂಲು ಹಿಡಿದು ನೋಡುವುದು

ಏಳೂ ಕಂಡವು ಎನ್ನಿ. ಈಗ ಓದುವ ಕೆಲಸ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೂಲು ಹಿಡಿದು ನೋಡುತ್ತಾರಲ್ಲ, ಪಕ್ಕದ ಫಿಲ್ಮಿನಲ್ಲಿ ವೈದ್ಯರು ಕಣ್ಣಲ್ಲೇ ಅಂಥ ನಾಲ್ಕು ನೂಲು ಹಿಡಿಯುತ್ತಾರೆ. ದಿಂಡುಗಳ ಮುಂದಿನ ಅಂಚಿನ ಗುಂಟ ಒಂದು. ಹಿಂದಿನ ಅಂಚಿನ ಗುಂಟ ಇನ್ನೊಂದು. ಮುಳ್ಳುಗಳ ಬುಡ ಕಮಾನಿಗೆ ಸೇರುವಲ್ಲಿ ಮೂರನೆಯದು. ಮುಳ್ಳುಗಳ ತುದಿಗಳ ಮೇಲೆ ನಾಲ್ಕನೆಯದು. ನಾಲ್ಕೂ ಬಿಲ್ಲಿನಂತೆ ನಯವಾಗಿ ಬಾಗಿರಬೇಕು, ಎಲ್ಲೂ ಮೆಟ್ಟಿಲು ಬೀಳಬಾರದು.

ಎರಡನೆಯ ಮತ್ತು ಮೂರನೆಯ ನೂಲಿನ ನಡುವೆಯೇ ಬೆನ್ನುಹುರಿಯ ದಾರಿ. ಹುರಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದಕ್ಕೆ ಎಷ್ಟು ಜಾಗ ಉಳಿದಿದೆ ಎಂಬುದನ್ನು ಈ ಎರಡು ನೂಲುಗಳಿಂದ ಅಂದಾಜು ಮಾಡಬಹುದು. ಒಂದು ದಿಂಡು ಇನ್ನೊಂದರ ಮೇಲೆ 3.5 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ, ಅಥವಾ ಎರಡರ ನಡುವಿನ ಬಾಗು ಅಕ್ಕಪಕ್ಕದ ಮಟ್ಟಗಳಿಗಿಂತ 11 ಡಿಗ್ರಿ ಹೆಚ್ಚಾಗಿದ್ದರೆ, ಹಿಡಿದಿಟ್ಟಿದ್ದ ಕಟ್ಟುಗಳು ಹರಿದಿವೆ ಎಂಬ ಅನುಮಾನ ಬಲವಾಗುತ್ತದೆ.

ಹಂಚಿನ ಮಾಡಿಗೆ ಬರೋಣ. ತಲೆ ಜೋರಾಗಿ ಮುಂದಕ್ಕೆ ಬಾಗಿದಾಗ ಮೇಲಿನ ಹಂಚು ಕೆಳಗಿನದರ ಮೇಲೆ ಜಾರುತ್ತದೆ. ಮಿತಿ ಮೀರಿದರೆ ಅಂಚು ದಾಟಿ ಆ ಕಡೆಗೆ ಬಿದ್ದು ಸಿಕ್ಕಿಕೊಳ್ಳುತ್ತದೆ, ಹಿಂದೆ ಬರಲಾಗುವುದಿಲ್ಲ. ಬಾಗುವುದರ ಜೊತೆಗೆ ತಿರುಚಿಯೂ ಇದ್ದರೆ ಒಂದೇ ಪಕ್ಕದ ಕೀಲು ಹೀಗೆ ಸಿಕ್ಕಿಕೊಳ್ಳಬಹುದು. ಆಗ ಮೇಲಿನ ದಿಂಡು ಕೆಳಗಿನದರ ಅಗಲದ ಸುಮಾರು ಕಾಲು ಭಾಗದಷ್ಟು ಮುಂದೆ ಹೋಗಿರುತ್ತದೆ. ಎರಡೂ ಪಕ್ಕ ಸಿಕ್ಕಿಕೊಂಡಿದ್ದರೆ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು. ಹುರಿ ಜಜ್ಜಿಹೋಗುವ ಸಂಭವವೂ ಅಷ್ಟೇ ಹೆಚ್ಚು. ಕಾಲು ಭಾಗದ ಸರಿತ ಕಣ್ಣಿಗೆ ದೊಡ್ಡದಾಗಿ ಹೊಡೆಯುವುದಿಲ್ಲ. ಹತ್ತಾರು ಫಿಲ್ಮ್ ನೋಡಿದವರ ಕಣ್ಣನ್ನೂ ತಪ್ಪಿಸುವುದು ಇದೇ.

ಅದಕ್ಕೆ ಎದುರಿನ ಫಿಲ್ಮ್ ಸಾಕ್ಷಿ ಹೇಳುತ್ತದೆ. ಎದುರಿನಿಂದ ನೋಡಿದಾಗ ಮುಳ್ಳುಗಳು ಒಂದರ ಕೆಳಗೊಂದು ನಡುಗೆರೆಯಲ್ಲಿ ಪೋಣಿಸಿದಂತೆ ಇರಬೇಕು. ಒಂದು ಮಟ್ಟದಿಂದ ಮೇಲಿನವೆಲ್ಲ ಥಟ್ಟನೆ ಒಂದು ಪಕ್ಕಕ್ಕೆ ಸರಿದಿದ್ದರೆ, ಆ ಮಟ್ಟದಲ್ಲಿ ಮಣಿ ತಿರುಚಿ ಸಿಕ್ಕಿಕೊಂಡಿದೆ ಎಂದೇ ಅನುಮಾನಿಸಬೇಕು. ಎರಡು ಮುಳ್ಳುಗಳ ನಡುವಿನ ಅಂತರ ಮೇಲೆ ಕೆಳಗಿನ ಅಂತರಗಳ ಒಂದೂವರೆಯಷ್ಟಕ್ಕಿಂತ ಹೆಚ್ಚಿದ್ದರೂ ಹಿಂದಿನ ಕಟ್ಟು ಹರಿದು ಬಾಯಿ ಬಿಟ್ಟಿರಬಹುದು.

ಇಲ್ಲೊಂದು ಅಡ್ಡಮಾತು. ಎಷ್ಟೋ ವರದಿಗಳಲ್ಲಿ "ಕತ್ತಿನ ಸಹಜ ಬಾಗು ನೇರವಾಗಿದೆ" ಎಂದು ಬರೆದಿರುತ್ತಾರೆ, ಜನ ಅದನ್ನು ಓದಿ ಹೌಹಾರುತ್ತಾರೆ. ಕಾಲರ್ ಹಾಕಿ ಮಲಗಿಸಿದರೂ, ನೋವಿಗೆ ಸ್ನಾಯು ಸೆಟೆದುಕೊಂಡರೂ ಕತ್ತು ನೇರವಾಗುತ್ತದೆ. ಅದೊಂದೇ ಇದ್ದರೆ ಮುರಿತವಲ್ಲ.

ಮೂಳೆಯ ಮುಂದಿನ ನೆರಳು

ಹೊಸಬರು ಮೂಳೆಯನ್ನೇ ದಿಟ್ಟಿಸುತ್ತಾರೆ. ಪಳಗಿದವರು ಮೂಳೆಯ ಮುಂದಿನ ಬೂದು ಪಟ್ಟಿಯನ್ನೂ ನೋಡುತ್ತಾರೆ. ಉಸಿರಿನ ದಾರಿ ಗಾಳಿಯಿಂದ ಕಪ್ಪಾಗಿ ಕಾಣುತ್ತದೆ; ಆ ಕಪ್ಪಿಗೂ ಮೂಳೆಯ ಬಿಳುಪಿಗೂ ನಡುವೆ ತೆಳುವಾಗಿ ಇಳಿಯುವ ಪಟ್ಟಿ ಗಂಟಲಿನ ಹಿಂದಿನ ಮಾಂಸಲ ಭಾಗ. ಮೂಳೆ ಸೀಳಿದರೆ ರಕ್ತ ಅಲ್ಲಿ ಸೇರುತ್ತದೆ, ಪಟ್ಟಿ ಊದುತ್ತದೆ. ನೆನಪಿಡಲು ಒಂದು ಮಗ್ಗಿ ಇದೆ: ಎರಡರ ಮುಂದೆ ಆರು, ಆರರ ಮುಂದೆ ಇಪ್ಪತ್ತೆರಡು. ಎಂದರೆ ವಯಸ್ಕರಲ್ಲಿ ಎರಡನೆಯ ಮಣಿಯ ಮುಂದೆ ಪಟ್ಟಿ 6 ಮಿಲಿಮೀಟರ್ ಮೀರಬಾರದು, ಆರನೆಯದರ ಮುಂದೆ 22 ಮೀರಬಾರದು. ಕೆಳಗೆ ದಪ್ಪವಾಗುವುದು ಅನ್ನನಾಳ ಅಲ್ಲಿ ಸೇರಿಕೊಳ್ಳುವುದರಿಂದ. ಮುರಿತದ ಗೆರೆಯೇ ಕಾಣದಿದ್ದರೂ ಪಟ್ಟಿ ಊದಿದ್ದರೆ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಆದರೆ ಊದಿಲ್ಲ ಎಂಬ ಕಾರಣಕ್ಕೆ ಮುರಿತವಿಲ್ಲ ಎನ್ನಲೂ ಆಗುವುದಿಲ್ಲ. ಇದು ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಅಳುವ ಮಗುವಿನಲ್ಲಂತೂ ಅತ್ತ ಕಾರಣಕ್ಕೇ ಪಟ್ಟಿ ದಪ್ಪವಾಗಿ ಕಾಣಬಹುದು.

ಇನ್ನು ಮೂಳೆಗಳು. ದಿಂಡಿನ ಮುಂದಿನ ಎತ್ತರ ಹಿಂದಿನದಕ್ಕಿಂತ 3 ಮಿಲಿಮೀಟರಿಗಿಂತ ಹೆಚ್ಚು ತಗ್ಗಿದ್ದರೆ ಮುಂಭಾಗ ಕುಸಿದಿರಬಹುದು. ದಿಂಡಿನ ಮುಂದಿನ ಕೆಳಮೂಲೆಯಿಂದ ಕಣ್ಣೀರ ಹನಿಯಾಕಾರದ ಚೂರು ಬೇರೆಯಾಗಿದ್ದರೆ ಎಚ್ಚರ ಬೇಕು. ಕತ್ತು ಮುಂದಕ್ಕೆ ಮಡಚಿದಾಗ ಆದ ಹನಿಮುರಿತದಲ್ಲಿ ಚೂರು ಸಣ್ಣದಾದರೂ ಉಳಿದ ದಿಂಡು ಹಿಂದೆ ಸರಿದು ಹುರಿಯನ್ನು ಒತ್ತುತ್ತದೆ. ಆಳವಿದೆಯೆಂದು ನಂಬಿ ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕುವ ಹುಡುಗರಿಗೆ ಆಗುವುದು ಇಂಥದ್ದೇ. ಬೇಸಿಗೆಯಲ್ಲಿ ನೀರು ಇಳಿದ ಕೆರೆ, ಬಾವಿಗಳು ಮಳೆಗಾಲದ ಆಳವನ್ನು ಉಳಿಸಿಕೊಂಡಿರುವುದಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಏಳನೆಯ ಮಣಿಯ ಮುಳ್ಳಿನ ತುದಿ ಮಾತ್ರ ಮುರಿಯುವುದುಂಟು. ಸಲಿಕೆ ತುಂಬ ಜಿಗುಟು ಮಣ್ಣನ್ನು ಎತ್ತಿ ಹಿಂದಕ್ಕೆ ಎಸೆಯುವಾಗ ಮಣ್ಣು ಸಲಿಕೆಗೇ ಅಂಟಿಕೊಂಡರೆ, ಸ್ನಾಯು ಜಗ್ಗಿದ ರಭಸಕ್ಕೆ ಮುಳ್ಳು ಕಿತ್ತುಬರುತ್ತದೆ. ಹೀಗಾಗಿ ಇದಕ್ಕೆ ಮಣ್ಣು ತೋಡುವವರ ಮುರಿತವೆಂದೇ ಹೆಸರು. ನೋವು ಜೋರು, ಅಪಾಯ ಕಡಿಮೆ.

ಎರಡನೆಯ ಮಣಿಯ ಕಮಾನು ದಿಂಡಿಗೆ ಸೇರುವ ಕುತ್ತಿಗೆಯಂಥ ಭಾಗ ಎರಡೂ ಕಡೆ ಮುರಿದರೆ ಅದನ್ನು ಗಲ್ಲುಮುರಿತ ಎನ್ನಬಹುದು. ನೇಣಿನ ಶಿಕ್ಷೆಯಲ್ಲಿ ಆಗುವ ಗಾಯವನ್ನು 1913ರಲ್ಲಿ ವುಡ್ ಜೋನ್ಸ್ ವಿವರಿಸಿದ್ದರು. ಕಾರು ಅಪಘಾತಗಳಲ್ಲೂ ಅದೇ ತೆರನ ಮುರಿತ ಕಂಡು 1965ರಲ್ಲಿ ಶ್ನೈಡರ್ ಮತ್ತು ಜೊತೆಗಾರರು ಈ ಹೆಸರು ಬಳಕೆಗೆ ತಂದರು. ಇಂದು ಇದು ಹಗ್ಗದ್ದಲ್ಲ, ರಸ್ತೆಯ ಗಾಯ: ಗಲ್ಲವೋ ಹಣೆಯೋ ಎದುರಿಗೆ ಬಡಿದು ತಲೆ ಹಿಂದಕ್ಕೆ ಚಿಮ್ಮಿದಾಗ ಆಗುವಂಥದ್ದು. ಇಲ್ಲಿ ಕಮಾನು ದಿಂಡಿನಿಂದ ಬಿಡಿಸಿಕೊಂಡು ಕೊಳವೆ ಅಗಲವಾಗುವುದರಿಂದ ಹುರಿ ಅನೇಕ ಸಲ ಉಳಿದುಕೊಳ್ಳುತ್ತದೆ.

ಕೋಡುಬಳೆ ಮತ್ತು ಗೂಟ

ಗರಿಗರಿ ಕೋಡುಬಳೆಯನ್ನು ಒಂದೇ ಜಾಗದಲ್ಲಿ ಮುರಿಯಲು ನೋಡಿ. ಆಗುವುದಿಲ್ಲ, ಎರಡು ಕಡೆಯಾದರೂ ಬಿರಿಯುತ್ತದೆ. ಸಿ1ರ ಬಳೆಯೂ ಹಾಗೇ. ನೆತ್ತಿಯ ಮೇಲೆ ಭಾರ ಬಿದ್ದು ಬುರುಡೆ ಕೆಳಕ್ಕೆ ಒತ್ತಿದಾಗ ಬಳೆ ಹಲವು ಕಡೆ ಒಡೆದು ಹೊರಕ್ಕೆ ಹರಡಿಕೊಳ್ಳುತ್ತದೆ. ಬ್ರಿಟನ್ನಿನ ಜೆಫರ್ಸನ್ 1920ರಲ್ಲಿ ವಿವರಿಸಿದ್ದರಿಂದ ಅವರ ಹೆಸರೇ ನಿಂತಿದೆ. ಬಾಯಿ ತೆರೆದು ತೆಗೆದ ಫಿಲ್ಮಿನಲ್ಲಿ ಬಳೆಯ ಎರಡು ಪಕ್ಕದ ದಪ್ಪ ಭಾಗಗಳು ಎರಡನೆಯ ಮಣಿಯ ಹೆಗಲುಗಳ ಮೇಲೆ ಸರಿಯಾಗಿ ಕೂತಿರಬೇಕು. ಅವು ಹೊರಚಾಚಿದ್ದರೆ ಎಡಬಲದ ಚಾಚನ್ನು ಕೂಡಿಸಿ ನೋಡುತ್ತಾರೆ. ಮೊತ್ತ ಸುಮಾರು 7 ಮಿಲಿಮೀಟರ್ ಮೀರಿದರೆ ಗೂಟವನ್ನು ಕಟ್ಟಿದ್ದ ಅಡ್ಡಪಟ್ಟಿಯೂ ಹರಿದಿರುವ ಸಾಧ್ಯತೆ ಇದೆ. ಪಕ್ಕದ ಫಿಲ್ಮಿನಲ್ಲೂ ಅದಕ್ಕೊಂದು ಅಳತೆ ಇದೆ: ಬಳೆಯ ಮುಂಗಮಾನಿಗೂ ಗೂಟಕ್ಕೂ ನಡುವಿನ ಸಂದು ದೊಡ್ಡವರಲ್ಲಿ 3, ಮಕ್ಕಳಲ್ಲಿ 5 ಮಿಲಿಮೀಟರ್ ದಾಟಬಾರದು.

ಗೂಟ ಮುರಿಯುವ ಬಗೆಗಳನ್ನು 1974ರಲ್ಲಿ ಆ್ಯಂಡರ್ಸನ್ ಮತ್ತು ಡಿ'ಅಲೊಂಜೊ ಮೂರಾಗಿ ವಿಂಗಡಿಸಿದರು. ತುದಿ ಮಾತ್ರ ಕಿತ್ತದ್ದು ಒಂದನೆಯದು, ಅಪರೂಪ. ಬುಡದಲ್ಲಿ ಮುರಿದದ್ದು ಎರಡನೆಯದು. ಮುರಿತ ದಿಂಡಿನೊಳಗೆ ಇಳಿದದ್ದು ಮೂರನೆಯದು. ತಲೆನೋವು ಎರಡನೆಯದೇ: ಹೆಚ್ಚಾಗಿ ಆಗುವುದೂ ಅದೇ, ಕೂಡಿಕೊಳ್ಳಲು ಹಟ ಮಾಡುವುದೂ ಅದೇ. ಬಚ್ಚಲುಮನೆಯಲ್ಲಿ ಜಾರಿ ಹಣೆ ತಗುಲಿಸಿಕೊಂಡ ಎಪ್ಪತ್ತು ದಾಟಿದ ಅಜ್ಜಿ "ಕತ್ತು ಉಳುಕಿದೆ" ಎಂದು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರೆ, ಅದು ಉಳುಕೇ ಎಂದು ಖಚಿತ ಮಾಡಿಕೊಳ್ಳಿ.

ಇದೇ ಜಾಗದಲ್ಲಿ ಕಣ್ಣು ಮೋಸ ಹೋಗುವುದೂ ಹೆಚ್ಚು. ಗೂಟದ ಬುಡದ ಮೇಲೆ ಸಿ1ರ ಕಮಾನಿನ ನೆರಳು ಅಡ್ಡ ಬಿದ್ದರೆ ಅಲ್ಲೊಂದು ಕಪ್ಪು ಗೆರೆ ಇದ್ದಂತೆ ಅನಿಸುತ್ತದೆ. ಕಪ್ಪೂ ಬಿಳುಪೂ ಸೇರುವ ಗಡಿಯಲ್ಲಿ ಇಲ್ಲದ ಗೆರೆಯನ್ನು ಕಣ್ಣೇ ಎಳೆದುಕೊಳ್ಳುತ್ತದೆ. ಭೌತವಿಜ್ಞಾನಿ ಮಾಖ್ ಹೆಸರಿನಲ್ಲಿ ಇದನ್ನು ಮಾಖ್ ಪಟ್ಟಿ ಎನ್ನುತ್ತಾರೆ. ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ ಗೂಟದ ಮೇಲೆ ಬಿದ್ದು ಉದ್ದ ಸೀಳಿನಂತೆ ಕಾಣುವುದೂ ಉಂಟು. ಗೆರೆ ಮೂಳೆಯ ಅಂಚು ದಾಟಿ ಹೊರಗೂ ಮುಂದುವರಿದರೆ ಅದು ನೆರಳು.

ಮಕ್ಕಳ ಫಿಲ್ಮ್ ಓದುವುದು ಬೇರೆಯೇ ವಿದ್ಯೆ. ಗೂಟ ಮತ್ತು ದಿಂಡಿನ ನಡುವಿನ ಎಳೆಮೂಳೆಯ ಪಟ್ಟಿ ಸುಮಾರು ಆರು ವರ್ಷದ ತನಕ ಕೂಡಿಕೊಂಡಿರುವುದಿಲ್ಲ, ಅದು ಮುರಿತದಂತೆ ಕಾಣುತ್ತದೆ. ಎರಡನೆಯ ಮಣಿ ಮೂರನೆಯದರ ಮೇಲೆ ಸ್ವಲ್ಪ ಮುಂದೆ ಸರಿದಂತಿರುವುದೂ ಎಳೆಯರಲ್ಲಿ ಸಹಜ. ನಿಜವೋ ಸುಳ್ಳೋ ತಿಳಿಯಲು ಒಂದನೆಯ ಮತ್ತು ಮೂರನೆಯ ಮಣಿಗಳ ಹಿಂಗಮಾನಿನ ಗೆರೆ ಸೇರಿಸಿ, ಎರಡನೆಯದರ ಕಮಾನು ಆ ಗೆರೆಯಿಂದ ಎಷ್ಟು ದೂರವಿದೆ ನೋಡುತ್ತಾರೆ. 2 ಮಿಲಿಮೀಟರಿನೊಳಗಿದ್ದರೆ ಸಾಮಾನ್ಯವಾಗಿ ಗಾಬರಿಯಿಲ್ಲ.

ಫಿಲ್ಮ್ ಯಾರಿಗೆ ಬೇಕು, ಯಾರಿಗೆ ಸಾಲದು

ಬೈಕಿನಿಂದ ಬಿದ್ದವರಿಗೆಲ್ಲ ಕತ್ತಿನ ಎಕ್ಸ್‌ರೇ ಬೇಕೇ? ನೂರರಲ್ಲಿ ಎರಡೂವರೆ ಜನರಿಗಾಗಿ ಉಳಿದವರಿಗೂ ಕಿರಣ ಹಾಯಿಸುವುದು ಸರಿಯಲ್ಲ. ನೆಕ್ಸಸ್ ಅಧ್ಯಯನ ಐದು ಪ್ರಶ್ನೆ ಕೇಳಲು ಹೇಳಿತು. ಕತ್ತಿನ ಹಿಂದೆ ನಡುಗೆರೆಯಲ್ಲಿ ಒತ್ತಿದರೆ ನೋವಿದೆಯೇ? ಕೈಕಾಲಿನ ಬಲ, ಸ್ಪರ್ಶ ಕುಂದಿದೆಯೇ? ಪ್ರಜ್ಞೆ ಮಂಕಾಗಿದೆಯೇ? ಕುಡಿದಿದ್ದಾರೆಯೇ? ಕತ್ತಿನ ನೋವನ್ನು ಮರೆಸುವಂಥ ಬೇರೆ ದೊಡ್ಡ ಗಾಯ, ತೊಡೆಮೂಳೆ ಮುರಿದಂಥದ್ದು, ಇದೆಯೇ? ಐದಕ್ಕೂ ಇಲ್ಲ ಎಂದಾದರೆ ಚಿತ್ರ ಬೇಡ. 2001ರಲ್ಲಿ ಕೆನಡಾದ ವೈದ್ಯರು 8,924 ಜನರನ್ನು ಪರೀಕ್ಷಿಸಿ ಇನ್ನೊಂದು ನಿಯಮ ಕೊಟ್ಟರು: ವಯಸ್ಸು 65 ಅಥವಾ ಮೇಲೆ, ಮೂರು ಅಡಿ ಅಥವಾ ಐದು ಮೆಟ್ಟಿಲಿನಷ್ಟು ಎತ್ತರದಿಂದ ಬಿದ್ದದ್ದು, ಕೈಕಾಲಲ್ಲಿ ಜೋಮು, ಇವುಗಳಲ್ಲಿ ಯಾವುದಿದ್ದರೂ ಚಿತ್ರ ಬೇಕು. ಕುಡಿದವರ "ನಂಗೇನೂ ಆಗಿಲ್ಲ" ಎಂಬ ಮಾತನ್ನು ನೆಕ್ಸಸ್ ನಿಯಮಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ.

ಇನ್ನೊಂದು ಬದಿ: ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದರೆ ಏನೂ ಆಗಿಲ್ಲವೇ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಮಾಡಿದ ಹೋಲಿಕೆಯೊಂದರಲ್ಲಿ ಸಾದಾ ಎಕ್ಸ್‌ರೇ ಕತ್ತಿನ ಗಾಯಗಳಲ್ಲಿ ಶೇ. 52ರಷ್ಟನ್ನು ಹಿಡಿದರೆ, ಸಿಟಿ ಸ್ಕ್ಯಾನ್ ಶೇ. 98ರಷ್ಟನ್ನು ಹಿಡಿಯಿತು. ಅದಕ್ಕೇ ದೊಡ್ಡ ಪೆಟ್ಟಾದ ವಯಸ್ಕರಿಗೆ ಸೌಲಭ್ಯವಿರುವ ಕಡೆ ನೇರವಾಗಿ ಸಿಟಿಯನ್ನೇ ಮಾಡುತ್ತಾರೆ. ಮಕ್ಕಳಲ್ಲಿ ಮಾತ್ರ ಸಿಟಿಯ ಹೆಚ್ಚಿನ ವಿಕಿರಣ ನೆನೆದು ಹಿಂಜರಿಯುತ್ತಾರೆ. ಸಿಟಿ ಯಂತ್ರವಿಲ್ಲದ, ಇದ್ದರೂ ರಾತ್ರಿ ನಡೆಸುವವರಿಲ್ಲದ ಆಸ್ಪತ್ರೆಯಲ್ಲಿ ಎಕ್ಸ್‌ರೇಯೇ ಗತಿ; ಆಗ ಅದನ್ನು ಪೂರ್ತಿಯಾಗಿ ತೆಗೆಯುವುದು, ಅನುಮಾನವಿದ್ದರೆ ಕಾಲರ್ ಬಿಚ್ಚದೆ ಮುಂದಕ್ಕೆ ಕಳಿಸುವುದು.

ಹುರಿ ಮತ್ತು ಲಿಗಮೆಂಟಿನ ಗಾಯಕ್ಕೆ ಎಂಆರ್‌ಐ ಬೇಕು. 1982ರಲ್ಲಿ ಪಾಂಗ್ ಮತ್ತು ವಿಲ್ಬರ್ಗರ್ ಎಂಬ ವೈದ್ಯರು ಎಕ್ಸ್‌ರೇಯಲ್ಲಿ ಯಾವ ದೋಷವೂ ಕಾಣದೆ ಬೆನ್ನುಹುರಿಗೆ ಪೆಟ್ಟಾದ ಮಕ್ಕಳನ್ನು ವಿವರಿಸಿದರು. ಎಳೆಯ ಮೂಳೆಸಾಲು ರಬ್ಬರಿನಂತೆ ಎಳೆದು ಮರಳಿ ಜಾಗಕ್ಕೆ ಬಂದಿರುತ್ತದೆ, ಹುರಿಗೆ ಅಷ್ಟು ಎಳೆತ ತಾಳುವುದಿಲ್ಲ. ಮುಪ್ಪಿನಲ್ಲಿ ಇದರ ಇನ್ನೊಂದು ರೂಪ. ಸವೆದ ಮೂಳೆಯ ಮೊನೆಗಳಿಂದ ಕೊಳವೆ ಮೊದಲೇ ಇಕ್ಕಟ್ಟಾಗಿರುತ್ತದೆ, ಮುಗ್ಗರಿಸಿ ಮುಖ ಬಡಿದು ತಲೆ ಹಿಂದಕ್ಕೆ ಬಾಗಿದಾಗ ಹುರಿ ಹಿಸುಕಿಹೋಗುತ್ತದೆ. ಫಿಲ್ಮಿನಲ್ಲಿ ಹಳೆಯ ಸವೆತವಷ್ಟೇ, ಹೊಸ ಮುರಿತವಿಲ್ಲ. ಆದರೆ ಕಾಲಿಗಿಂತ ಕೈಗಳೇ ಹೆಚ್ಚು ಬಲ ಕಳೆದುಕೊಂಡಿರುತ್ತವೆ, ಅನ್ನ ಕಲಸಿ ತುತ್ತೆತ್ತಲು ಆಗುವುದಿಲ್ಲ.

ಮತ್ತೆ, ಪೆಟ್ಟಾದ ಕತ್ತನ್ನು ಯಾರೂ ಎಳೆದು, ತಿರುಗಿಸಿ ನೆಟಿಗೆ ತೆಗೆಯಕೂಡದು. ಲಟಕ್ಕೆಂದ ಸದ್ದಿಗೆ ಹಿತವೆನಿಸಬಹುದು. ಸಿಕ್ಕಿಕೊಂಡ ಹಂಚು ಅಲ್ಲಿದ್ದರೆ ಅದೇ ಸದ್ದಿಗೆ ಕೈಕಾಲು ಹೋಗಬಹುದು.

ಕೊನೆಗೌಡರನ್ನು ಮೇಜಿನ ಮೇಲೆ ಮಲಗಿಸಿಯೇ ಬಿಟ್ಟಿದ್ದೇವೆ. ಎದುರಿನ ಫಿಲ್ಮ್ ತೊಳೆದು ಬಂತು: ಏಳನೆಯ ಮುಳ್ಳು ನಡುಗೆರೆಯಲ್ಲೇ ಇದೆ, ಆರನೆಯದು ಮತ್ತು ಅದರ ಮೇಲಿನವು ಬಲಕ್ಕೆ ಸರಿದಿವೆ. ಕಾಲ ಬಳಿ ಒಬ್ಬರು ನಿಂತು ಎರಡೂ ತೋಳು ಮೆಲ್ಲನೆ ಎಳೆದರು, ಪಕ್ಕದಿಂದ ಇನ್ನೊಂದು ತೆಗೆದರು. ಹೆಗಲಿನ ಮಂಜಿನಿಂದ ಏಳನೆಯ ಮಣಿ ಎದ್ದು ಬಂತು, ಅದರ ಮೇಲೆ ಆರನೆಯದು ಕಾಲು ಭಾಗದಷ್ಟು ಮುಂದಕ್ಕೆ ಕೂತಿತ್ತು. ಆರು ಮತ್ತು ಏಳರ ನಡುವಿನಿಂದ ಹೊರಡುವ ನರ ನಡುಬೆರಳಿಗೆ ಹೋಗುತ್ತದೆ. ಬೆಂಗಳೂರಿನ ಡಾಕ್ಟರಿಗೆ ಮನೆಯವರು ಹೊಸ ಫೋಟೋ ಕಳಿಸುವ ಹೊತ್ತಿಗೆ ಆಂಬುಲೆನ್ಸಿನ ಬಾಗಿಲು ತೆರೆದಿತ್ತು. ನಾಲ್ವರು ತಲೆ, ಹೆಗಲು, ಸೊಂಟ, ಕಾಲನ್ನು ಒಂದೇ ಮರದ ದಿಮ್ಮಿಯ ಹಾಗೆ ಹಿಡಿದು ಅವರನ್ನು ಹಲಗೆಯ ಮೇಲೆ ಹೊರಳಿಸುತ್ತಿದ್ದರು.